ಏನೂ ಆಗದ ದಿನವನ್ನೂ ಬರೆದಿಡಿ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಬಡಾವಣೆಗಳ ನಿವಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಬೀದಿಯ ನಲ್ಲಿಗೆ ಕಳೆದ ತಿಂಗಳು ಯಾವ್ಯಾವ ತಾರೀಕು ನೀರು ಬಂತು?

ಮುಂದೆ ಕೂತಿರುವ ಒಬ್ಬರು "ನಾಲ್ಕು ದಿನಕ್ಕೊಮ್ಮೆ ಬರ್ತದೆ ಮೇಡಂ" ಅಂದರು. ಹಿಂದಿನ ಸಾಲಿನಿಂದ ಅದೇ ಬಡಾವಣೆಯ ಇನ್ನೊಬ್ಬರು "ಎಲ್ಲಿ ನಾಲ್ಕು ದಿನ? ವಾರ ಆದ್ರೂ ಬರಂಗಿಲ್ಲ" ಅಂದರು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರಿಗೆ ನೀರು ಬಂದದ್ದು ನೆನಪಿದೆ, ಇನ್ನೊಬ್ಬರಿಗೆ ಕಾದದ್ದು ನೆನಪಿದೆ. ಈ ಇಬ್ಬರೂ ಒಟ್ಟಿಗೆ ಹೋಗಿ ನೀರು ಬಿಡುವವರ ಮುಂದೆ ನಿಂತರೆ ಏನಾಗುತ್ತದೆ? ಅವರು ಕಪಾಟಿನಿಂದ ರಿಜಿಸ್ಟರ್ ತೆಗೆಯುತ್ತಾರೆ. ರಿಜಿಸ್ಟರಿನ ಮುಂದೆ ನೆನಪು ನಿಲ್ಲುವುದಿಲ್ಲ.

ಇದೇ ಮನೆಗಳಲ್ಲಿ ಹಾಲಿನ ಲೆಕ್ಕ ಮಾತ್ರ ಒಂದು ದಿನವೂ ತಪ್ಪುವುದಿಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ದಿನ ಒಂದು ಲೀಟರ್, ಯಾವ ದಿನ ಅರ್ಧ, ಯಾವ ದಿನ ಹಾಲಿನವನು ಬರಲೇ ಇಲ್ಲ, ಮೂರನ್ನೂ ಗುರುತು ಮಾಡಿರುತ್ತೇವೆ. ಬಾರದ ದಿನಕ್ಕೆ ಒಂದು ಸೊನ್ನೆ ಸುತ್ತಿರುತ್ತೇವೆ. ತಿಂಗಳ ಕೊನೆಗೆ ಲೆಕ್ಕ ಸರಿಹೋಗುವುದು ಆ ಸೊನ್ನೆಗಳಿಂದ. ಇವತ್ತು ನಾನು ಮಾತಾಡಲು ಬಂದಿರುವುದು ಅದರ ಬಗ್ಗೆ: ನಮ್ಮ ಊರಿನ ನೀರು, ಗಾಳಿ, ಕೆರೆ, ಮಳೆಯನ್ನು ನಾವೇ ಅಳೆದು, ಎಲ್ಲರಿಗೂ ಸಿಗುವ ಹಾಗೆ ಬಿಡುವಾಗ ಆ ಸೊನ್ನೆಯನ್ನು ಕೈಬಿಡಬಾರದು ಎನ್ನುವುದರ ಬಗ್ಗೆ.

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತ ಬಂದವಳು. ಊರಿನ ಬಗ್ಗೆ ಕಾಳಜಿ ಇರುವ ಹುಡುಗ ಹುಡುಗಿಯರು ತಾವು ಸಂಗ್ರಹಿಸಿದ್ದನ್ನು ತಂದು ನನಗೆ ತೋರಿಸುತ್ತಾರೆ. ಬಹುಪಾಲು ಫೋಟೊಗಳು. ಉಕ್ಕಿದ ಚರಂಡಿ, ಕೆರೆಯಲ್ಲಿ ತೇಲುವ ಸತ್ತ ಮೀನು, ಮಟ್ಟಸವಾಗಿ ಕವಿದ ಕಪ್ಪು ಹೊಗೆ. ನೋಡಿದರೆ ಸಂಕಟವಾಗುತ್ತದೆ. ಆದರೆ ಅವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಮೂರು ದಿನ ಕಳೆದರೆ ಯಾವ ಬೀದಿ, ಯಾವ ಹೊತ್ತು ಎಂದು ಹಾಕಿದವರಿಗೇ ಹೇಳಲಾಗುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸಿಟ್ಟು ಬಂದ ದಿನ ಮಾತ್ರ ನಾವು ಫೋಟೊ ತೆಗೆಯುತ್ತೇವೆ. ತಿಂಗಳಲ್ಲಿ ಹತ್ತು ದಿನ ಹೊಗೆ ಬಂತು ಎಂದು ಬರೆದಿದ್ದೀರಿ, ಸರಿ. ಉಳಿದ ಇಪ್ಪತ್ತು ದಿನ ಹೊಗೆ ಬರಲಿಲ್ಲವೋ, ನೀವು ನೋಡಲಿಲ್ಲವೋ? ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಹತ್ತು ದಿನದ ದಾಖಲೆಯಿಂದ ಏನನ್ನೂ ಲೆಕ್ಕ ಹಾಕಲಾಗುವುದಿಲ್ಲ. ಹೋದ ವರ್ಷಕ್ಕಿಂತ ಹೆಚ್ಚಾಯಿತೆ, ಕಡಿಮೆಯಾಯಿತೆ, ಸೋಮವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸ ಇದೆಯೆ, ಯಾವುದೂ ಗೊತ್ತಾಗುವುದಿಲ್ಲ. ಸೊನ್ನೆ ಬೇರೆ, ಖಾಲಿ ಬೇರೆ. ನೋಡಿದೆ, ಇರಲಿಲ್ಲ ಎನ್ನುವುದು ಸೊನ್ನೆ. ನೋಡಲೇ ಇಲ್ಲ ಎನ್ನುವುದು ಖಾಲಿ. ಸಾರ್ವಜನಿಕರು ಸಂಗ್ರಹಿಸಿದ ದತ್ತಾಂಶವನ್ನು ಅಧಿಕಾರಿಗಳು ತಳ್ಳಿಹಾಕಲು ಸುಲಭವಾಗುವುದು ಈ ಎರಡೂ ಬೆರೆತಾಗಲೇ.

ಮುಕ್ತ ದತ್ತಾಂಶ ಎಂದರೆ ಏನು ಎಂದು ಹೇಳಿ ಮುಂದೆ ಹೋಗುತ್ತೇನೆ. ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು, ಬಳಸಬಹುದು, ಮತ್ತೊಬ್ಬರಿಗೆ ಕೊಡಬಹುದು; ಹಾಗೆಂದು ಅದರ ಮೇಲೇ ಬರೆದಿರಬೇಕು. ಜತೆಗೆ ಅದು ಕಂಪ್ಯೂಟರಿಗೆ ಓದಲು ಬರುವ ರೂಪದಲ್ಲಿರಬೇಕು. ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಕಣ್ಣಿಗೆ ಕಾಣುತ್ತದೆ, ಕೂಡಿಸಲು ಕಳೆಯಲು ಬರುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ನೆಲೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಗೆಂದೇ ನೀತಿ ತಂದಿತು, ಅದರ ಹಿಂದೆಯೇ ಸರ್ಕಾರಿ ದತ್ತಾಂಶಗಳ ಜಾಲತಾಣವೂ ಬಂತು. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ರಾಜ್ಯದ ಲೆಕ್ಕ, ಜಿಲ್ಲೆಯ ಲೆಕ್ಕ. ನಮ್ಮ ಬೀದಿಯ ಲೆಕ್ಕವನ್ನು ಬೀದಿಯವರೇ ಬರೆಯಬೇಕು.

ಈಗ ಗಾಳಿಯ ವಿಷಯಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಮ್ಮ ಊರಿಗೆ ಇದು ತೀರ ಹತ್ತಿರದ್ದು.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿಯ ಗುಣಮಟ್ಟ ವರ್ಷಗಟ್ಟಲೆ ಮಿತಿಯೊಳಗೆ ಬಾರದ ಊರುಗಳ ಪಟ್ಟಿ ಅದರಲ್ಲಿದೆ. ಕರ್ನಾಟಕದಿಂದ ನಾಲ್ಕು ಹೆಸರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಬೆಣ್ಣೆ ದೋಸೆಗೆ ಹೆಸರಾದ, ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾದ ನಮ್ಮ ಊರು ಈ ಪಟ್ಟಿಯಲ್ಲೂ ಇದೆ ಎಂದು ಇಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿದವರು ಬಹಳ ಕಡಿಮೆ.

ಮಿತಿ ಎಂದರೆ ಎಷ್ಟು? ಎರಡೂವರೆ ಮೈಕ್ರೊಮೀಟರಿಗಿಂತ ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ಅವು ಮೂಗಿನಲ್ಲಿ ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಇವು 24 ಗಂಟೆಯ ಸರಾಸರಿಯಲ್ಲಿ 60 ಮೈಕ್ರೊಗ್ರಾಂ, ವರ್ಷದ ಸರಾಸರಿಯಲ್ಲಿ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಇವೇ ಸಂಖ್ಯೆಗಳು 15 ಮತ್ತು 5. ಸ್ವಲ್ಪ ದಪ್ಪ ಕಣಗಳಾದ ಪಿಎಂ 10ಕ್ಕೆ ನಮ್ಮಲ್ಲಿ ದಿನಕ್ಕೆ 100, ವರ್ಷಕ್ಕೆ 60. ರಸ್ತೆಯ ದೂಳೆಲ್ಲ ಹೆಚ್ಚಾಗಿ ಈ ಎರಡನೇ ಲೆಕ್ಕಕ್ಕೆ ಸೇರುತ್ತದೆ.

ಕೈಯಿಂದ ಮಾದರಿ ತೆಗೆಯುವ ಸರ್ಕಾರಿ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯುವುದು ಪದ್ಧತಿ. ಶೋಧಕ ಕಾಗದದ ಮೂಲಕ ಗಾಳಿ ಎಳೆದು, ಅದರ ಮೇಲೆ ಕೂತ ದೂಳನ್ನು ತೂಗುತ್ತಾರೆ. ಅದಲ್ಲದೆ ಗಂಟೆಗಂಟೆಗೂ ತಾನೇ ಅಳೆದು ಜಾಲತಾಣಕ್ಕೆ ಕಳಿಸುವ ಕೇಂದ್ರವೂ ಇದೆ. ನಮ್ಮ ಊರಿನದು ದೇವರಾಜ ಅರಸು ಬಡಾವಣೆಯಲ್ಲಿ. ಒಳ್ಳೆಯ ಯಂತ್ರ, ಅದರ ಅಂಕಿಯನ್ನು ನಂಬಬಹುದು. ಆದರೆ ಅದು ಹೇಳುವುದು ಆ ಬಡಾವಣೆಯ ಗಾಳಿಯ ಬಗ್ಗೆ. ಮಂಡಕ್ಕಿ ಭಟ್ಟಿಗಳ ನಡುವೆ ಮನೆ ಮಾಡಿಕೊಂಡವರು, ಪಿ.ಬಿ. ರಸ್ತೆಯ ಪಕ್ಕ ಇಡೀ ದಿನ ಗಾಡಿ ನಿಲ್ಲಿಸಿಕೊಂಡು ವ್ಯಾಪಾರ ಮಾಡುವವರು ಉಸಿರಾಡುವ ಗಾಳಿಯನ್ನು ಅದು ಅಳೆಯುವುದಿಲ್ಲ.

ಮಂಡಕ್ಕಿ ನಮ್ಮ ಊರಿನ ಬದುಕು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಇಲ್ಲದ ದಾವಣಗೆರೆಯನ್ನು ನನಗೆ ಊಹಿಸಿಕೊಳ್ಳಲಾಗದು. ಭತ್ತ ನೆನೆಸಿ, ಒಣಗಿಸಿ, ಕಾದ ಮರಳಿನಲ್ಲಿ ಅರಳಿಸುವ ಆ ಕೆಲಸದಲ್ಲಿ ಸಾವಿರಾರು ಕೈಗಳಿವೆ. ಒಲೆಗೆ ಹೊಟ್ಟು ಹಾಕುತ್ತಾರೆ, ಸೌದೆ ಹಾಕುತ್ತಾರೆ. ಹಳೇ ಟೈರಿನ ತುಂಡುಗಳನ್ನು ಉರಿಸುತ್ತಾರೆ ಎಂಬ ದೂರು ಹಲವು ವರ್ಷಗಳದ್ದು. ಟೈರಿನ ಹೊಗೆ ಬರಿ ಕಣ್ಣಿಗೂ ಬೇರೆ ಕಾಣುತ್ತದೆ, ದಟ್ಟ ಕಪ್ಪು. ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು, ಮೇಲಿನ ಗಾಳಿ ಬೆಚ್ಚಗಿರುವುದರಿಂದ ಹೊಗೆ ಮೇಲೇರದೆ ಮನೆಗಳ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಬೆಳಗಿನ ಹೊತ್ತು ಎರಡು ಗಂಟೆ ಕಾಲ ಉಸಿರು ಕಟ್ಟಿಸಿ ಮಧ್ಯಾಹ್ನಕ್ಕೆ ತಿಳಿಯಾಗುವ ಗಾಳಿಯನ್ನು 24 ಗಂಟೆಯ ಸರಾಸರಿಗೆ ಹಾಕಿದರೆ ಆ ಎರಡು ಗಂಟೆ ಕರಗಿಹೋಗುತ್ತದೆ. ಸರಾಸರಿ ಮಿತಿಯೊಳಗೆ ಬಂದರೂ ಬರಬಹುದು. ಅಲ್ಲಿನ ಮಗುವಿನ ಎದೆಗೆ ಹೋದದ್ದು ಸರಾಸರಿ ಅಲ್ಲವಲ್ಲ.

ಇಲ್ಲಿ ನಾವು ಅಳೆಯುವುದಕ್ಕೆ ಅರ್ಥ ಬರುತ್ತದೆ. ಕೆಲವು ಸಾವಿರ ರೂಪಾಯಿಗೆ ಸಿಗುವ ಸಣ್ಣ ಸಂವೇದಕಗಳಿವೆ. ಅವು ದೂಳನ್ನು ತೂಗುವುದಿಲ್ಲ; ಒಳಗೆ ಲೇಸರ್ ಬೆಳಕು ಹಾಯಿಸಿ, ಕಣಗಳಿಗೆ ತಾಗಿ ಚದುರುವ ಬೆಳಕಿನಿಂದ ಅಂದಾಜು ಮಾಡುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಆಗ ಸಂವೇದಕ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಳೆಗಾಲದ ಬೆಳಗ್ಗೆ, ಮಂಜು ಬಿದ್ದ ದಿನ 150 ಕಂಡಿತೆಂದು ಗಾಬರಿಯಾಗಿ ಸುದ್ದಿ ಹಬ್ಬಿಸಿದರೆ ಮಾಲಿನ್ಯ ಮಂಡಳಿಯವರು ಒಂದೇ ಮಾತಿನಲ್ಲಿ ನಿಮ್ಮನ್ನು ಮನೆಗೆ ಕಳಿಸುತ್ತಾರೆ, ಮತ್ತು ಅವರು ಹೇಳುವುದು ಸರಿಯಾಗಿಯೇ ಇರುತ್ತದೆ.

ಹಾಗಾಗಿ ಮಾಡಬೇಕಾದ್ದು ಇಷ್ಟು. ಸಂವೇದಕಗಳನ್ನು ಊರಲ್ಲಿ ಹಂಚುವ ಮೊದಲು ಎಲ್ಲವನ್ನೂ ಒಂದೇ ಜಾಗದಲ್ಲಿ, ಸಾಧ್ಯವಾದರೆ ಸರ್ಕಾರಿ ಕೇಂದ್ರದ ಪಕ್ಕದಲ್ಲೇ, ಎರಡು ವಾರ ಓಡಿಸಿ. ಒಂದಕ್ಕೊಂದು ಎಷ್ಟು ವ್ಯತ್ಯಾಸ, ಸರ್ಕಾರಿ ಯಂತ್ರಕ್ಕೂ ನಿಮ್ಮದಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆದಿಡಿ. ಆಮೇಲೆ ಬೇರೆ ಬೇರೆ ಕಡೆ ಇಡಿ. ಅಡುಗೆಮನೆಯ ಕಿಟಕಿ, ಜನರೇಟರ್, ಕಸ ಸುಡುವ ಮೂಲೆಯಿಂದ ದೂರ, ಉಸಿರಾಡುವ ಎತ್ತರದಿಂದ ಒಂದು ಮಹಡಿಯ ಎತ್ತರದೊಳಗೆ. ಕಣದ ಅಂಕಿಯ ಪಕ್ಕದಲ್ಲಿ ತೇವಾಂಶದ ಅಂಕಿಯೂ ಇರಲಿ. ತಿದ್ದಿದ ಅಂಕಿಯನ್ನು ಪ್ರಕಟಿಸುವಾಗ ತಿದ್ದುವ ಮುಂಚಿನ ಅಂಕಿಯನ್ನೂ ಬಿಡಿ, ಹೇಗೆ ತಿದ್ದಿದಿರಿ ಎಂದೂ ಹೇಳಿ. ಹೊಗೆಯನ್ನು ಕಣ್ಣಿನಿಂದ ಗಮನಿಸುವವರು ಹೊತ್ತು, ಗಾಳಿ ಬೀಸುವ ದಿಕ್ಕು, ಹೊಗೆಯ ಬಣ್ಣ ಬರೆಯಲಿ. ಹೊಗೆ ಇರದ ಬೆಳಗ್ಗೆಯೂ ಅದೇ ಹೊತ್ತಿಗೆ ಟೆರೇಸ್ ಹತ್ತಿ "ಇಲ್ಲ" ಎಂದು ಬರೆಯಲಿ. ಹೊಗೆ ಕಂಡ ದಿನವನ್ನು ಬರೆಯಲು ಯಾರಾದರೂ ಸಿಗುತ್ತಾರೆ. ಕಾಣದ ದಿನ ಮೆಟ್ಟಿಲು ಹತ್ತುವವರು ಸಿಕ್ಕರೆ ಆ ದಾಖಲೆಗೆ ಜೀವ ಬರುತ್ತದೆ.

ಇದನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವರು ಹಕ್ಕಿ ನೋಡುವವರು. ಬೆಳಗ್ಗೆ ಕುಂದುವಾಡ ಕೆರೆಯ ಏರಿ ಮೇಲೆ ವಾಕಿಂಗ್ ಹೋಗುವವರಿಗೆ ಕತ್ತಿನಲ್ಲಿ ದುರ್ಬೀನು ತೂಗಿಸಿಕೊಂಡವರು ಸಿಕ್ಕಿರಬಹುದು. ಅವರಲ್ಲಿ ಹಲವರು ಈಬರ್ಡ್ ಎಂಬ ತಾಣದಲ್ಲಿ ತಾವು ಕಂಡದ್ದನ್ನು ದಾಖಲಿಸುತ್ತಾರೆ. ಎಷ್ಟು ಹೊತ್ತಿಗೆ ಶುರು, ಎಷ್ಟು ನಿಮಿಷ, ಎಷ್ಟು ದೂರ ನಡೆದಿರಿ, ಯಾವ ಹಕ್ಕಿ ಎಷ್ಟು, ಇಷ್ಟನ್ನೂ ತುಂಬಿದ ಮೇಲೆ ಅದು ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆ ಹೊತ್ತಿಗೆ ಅವರ ಕಣ್ಣಿಗೆ ಬೀಳಲಿಲ್ಲ ಎಂದು ತಿಳಿಯಬಹುದು. ಈ ಒಂದು ಪ್ರಶ್ನೆಯಿಂದ ಹವ್ಯಾಸವೊಂದು ವಿಜ್ಞಾನದ ಸಾಮಗ್ರಿಯಾಯಿತು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿಯ ಹಿಂದೆ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರ ಸುಮಾರು 3 ಕೋಟಿ ದಾಖಲೆಗಳಿವೆ. 942 ಪ್ರಭೇದಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ದೀರ್ಘಾವಧಿಯ ಏರಿಳಿತ ಹೇಳಲು ಸಾಕಷ್ಟು ದಾಖಲೆ ಸಿಕ್ಕ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಕಾಗೆ, ಗೊರವಂಕ, ಬೆಳ್ಳಕ್ಕಿಯಂಥ ದಿನಾ ಕಾಣುವ ಹಕ್ಕಿಯನ್ನೂ ಬಿಡದೆ ಬರೆದವರಿಂದ ಈ ಮಾತು ಹೇಳಲು ಸಾಧ್ಯವಾಯಿತು. ಅಪರೂಪದ ಹಕ್ಕಿಯನ್ನು ಮಾತ್ರ ಬರೆದಿದ್ದರೆ ಆಗುತ್ತಿರಲಿಲ್ಲ. ಪಕ್ಕದ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನು ಚೌಕಚೌಕವಾಗಿ ಭಾಗಿಸಿ, ವರ್ಷಕ್ಕೆ ಎರಡು ಋತುವಿನಲ್ಲಿ ಹಕ್ಕಿಗಳ ನಕ್ಷೆ ಮಾಡಿದರು. ನಮ್ಮ ಜಿಲ್ಲೆಯಲ್ಲಿ ಕುಂದುವಾಡ, ಬಾತಿ, ಕೊಂಡಜ್ಜಿ, ಸೂಳೆಕೆರೆ ಇಷ್ಟನ್ನೇ ಹಿಡಿದರೂ ಸಾಕು, ಕಾಲೇಜಿನ ಮಕ್ಕಳಿಗೆ ಮಾಡಬಹುದಾದ ಕೆಲಸ ಅದು. ಪ್ರತಿ ವರ್ಷ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಅಲ್ಲಿಂದಲೇ ಶುರು ಮಾಡಬಹುದು.

ಇನ್ನು ಕುಡಿಯುವ ನೀರು. ಊರು ಬಿಟ್ಟು ಜಗಳೂರಿನ ಕಡೆ ಹೋಗೋಣ. ಅಲ್ಲಿಂದ ಆಚೆಗೆ ಚಿತ್ರದುರ್ಗದ ಚಳ್ಳಕೆರೆ, ಹಿರಿಯೂರುವರೆಗೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಹಳೆಯದು. ಬಂಡೆಯ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರು ಸಿಗದೆ ಇದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ವರ್ಷಾನುಗಟ್ಟಲೆ ಕುಡಿದರೆ ಮೂಳೆ ಕೀಲುಗಳ ಬಿಗಿತ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ದಯವಿಟ್ಟು ಇದನ್ನು ನಿಮ್ಮ ನೆಂಟರಿಷ್ಟರಿಗೂ ಹೇಳಿ.

2019ರಲ್ಲಿ ಶುರುವಾದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ದ್ರಾವಣ ಹನಿಸಿ, ಬಣ್ಣ ನೋಡಿ, ಕಾರ್ಡಿನ ಜತೆ ಹೋಲಿಸುವುದು. ಪ್ರಯೋಗಾಲಯದಷ್ಟು ಕರಾರುವಾಕ್ಕಲ್ಲ, ಆದರೆ ಯಾವ ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಮೊದಲು ಕಳಿಸಬೇಕು ಎಂದು ಹೇಳುವಷ್ಟು ಶಕ್ತಿ ಅದಕ್ಕಿದೆ. ನಿಮ್ಮ ಊರಿನಲ್ಲಿ ಆ ಕಿಟ್ ಬೀಗದೊಳಗಿದ್ದರೆ ಪಂಚಾಯಿತಿಗೆ ಹೋಗಿ ಕೇಳಿ, ತರಬೇತಿ ಪಡೆದ ಅಕ್ಕಂದಿರು ಯಾರು ಎಂದು ವಿಚಾರಿಸಿ.

ಕಿಟ್ ಇಲ್ಲದೆಯೂ ಮಾಡಬಹುದಾದ ಒಂದು ಕೆಲಸವಿದೆ. ನನ್ನ ದೃಷ್ಟಿಯಲ್ಲಿ ಅದು ಇನ್ನೂ ಮುಖ್ಯ. ಹಳ್ಳಿಹಳ್ಳಿಯಲ್ಲಿ ಶುದ್ಧ ನೀರಿನ ಘಟಕಗಳಿವೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವಂಥವು. ಕಾಗದದ ಮೇಲೆ ಘಟಕ ಇದೆ ಎಂದರೆ ಆ ಊರಿಗೆ ಶುದ್ಧ ನೀರು ಇದೆ ಎಂದೇ ಲೆಕ್ಕ. ಇವತ್ತು ಅದು ಓಡಿತೆ? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಕೆಟ್ಟರೆ ಎಷ್ಟನೇ ದಿನಕ್ಕೆ ರಿಪೇರಿಯಾಯಿತು? ಎದುರಿನ ಅಂಗಡಿಯವರು ದಿನಕ್ಕೊಮ್ಮೆ "ಓಡಿತು" ಅಥವಾ "ಇಲ್ಲ" ಎಂದು ಬರೆದರೆ ಸಾಕು. ಒಂದು ವರ್ಷದ ಕೊನೆಗೆ ಆ ಊರಿನವರು ಎಷ್ಟು ದಿನ ಬೋರ್‌ವೆಲ್ ನೀರನ್ನೇ ಕುಡಿದರು ಎಂಬ ಲೆಕ್ಕ ಸಿಗುತ್ತದೆ. ಇಂಥ ಹತ್ತು ಊರಿನ ಲೆಕ್ಕ ಒಟ್ಟಿಗೆ ಇಟ್ಟು ನೋಡಿ. ಒಂದೊಂದು ಊರಿನವರೂ "ನಮ್ಮ ಹಣೆಬರಹ" ಎಂದುಕೊಂಡದ್ದು ನಿರ್ವಹಣೆಯ ಗುತ್ತಿಗೆಯ ಪ್ರಶ್ನೆ ಎಂದು ಆಗ ಕಾಣಬಹುದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಪ್ರಾಣ ಕಳೆದುಕೊಂಡರು. ನಮ್ಮ ಪಕ್ಕದಲ್ಲೇ ಆದದ್ದು ಅದು. ನೀರಿನ ಬಣ್ಣ, ವಾಸನೆ ಬದಲಾದ ದಿನವನ್ನು ಬರೆದಿಡುವ ರೂಢಿ ಬೀದಿಬೀದಿಗೂ ಬರಬೇಕು ಎಂದು ನಾನು ಒತ್ತಿ ಹೇಳುವುದು ಆ ಸಾವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಮಳೆ ಅಳೆಯುವುದು ಇವೆಲ್ಲಕ್ಕಿಂತ ಸುಲಭ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹವಾಮಾನ ಇಲಾಖೆ ಬೆಳಗ್ಗೆ ಎಂಟೂವರೆಗೆ, ಹಿಂದಿನ 24 ಗಂಟೆಯ ಮಳೆಯನ್ನು ಅಳೆಯುತ್ತದೆ. ನಾವೂ ಅದೇ ಹೊತ್ತಿಗೆ ಅಳೆದರೆ ಹೋಲಿಸಲು ಬರುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಹವಾಮಾನ ಆಧರಿತ ಬೆಳೆ ವಿಮೆಯ ಲೆಕ್ಕ ಆ ಮಾಪಕದ ಅಂಕಿಯಿಂದಲೇ ಆಗುವುದು. ಮಾಪಕದ ಮೇಲೆ ಮರದ ಕೊಂಬೆ ಚಾಚಿದ್ದರೆ, ಎಲೆ ಕಸ ತುಂಬಿದ್ದರೆ, ಕೆಟ್ಟು ನಿಂತಿದ್ದರೆ ನಷ್ಟ ಬೆಳೆಗಾರರಿಗೆ. ನಿಮ್ಮ ತೋಟದ ಮಳೆಮಾಪಕದ ಅಂಕಿಗೆ ವಿಮೆ ಕಂಪನಿ ದುಡ್ಡು ಕೊಡುವುದಿಲ್ಲ, ನಿಜ. ಆದರೆ ಸುತ್ತಲಿನ ಏಳೆಂಟು ತೋಟಗಳಲ್ಲಿ ಮಳೆ ಬಂದ ದಿನ, ಬಾರದ ದಿನ ಎರಡನ್ನೂ ಇಡೀ ಹಂಗಾಮು ಬರೆದಿಟ್ಟು, "ಈ ಮಾಪಕ ಇಂಥ ತಾರೀಕಿನಿಂದ ನಮ್ಮೆಲ್ಲರಿಗಿಂತ ಬೇರೆ ಹೇಳುತ್ತಿದೆ, ಬಂದು ಪರೀಕ್ಷಿಸಿ" ಎಂದು ಕೇಳಿದರೆ ಆ ಅರ್ಜಿಗೆ ತೂಕ ಇರುತ್ತದೆ.

"ಅಳೆಯೋಕೆ ನೀವ್ಯಾರು?" ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ನ್ಯಾಯಾಲಯದಲ್ಲಿ ಪುರಾವೆಯಾಗಬೇಕಾದ ಮಾದರಿಯನ್ನು ಅಧಿಕಾರ ಪಡೆದ ಅಧಿಕಾರಿಯೇ ಕ್ರಮಬದ್ಧವಾಗಿ ತೆಗೆಯಬೇಕು. ನಮ್ಮ ಅಂಕಿ ಆ ಜಾಗದಲ್ಲಿ ಕೂರುವುದಿಲ್ಲ. ಆ ಅಧಿಕಾರಿ ಯಾವ ಜಾಗಕ್ಕೆ, ಯಾವ ಹೊತ್ತಿಗೆ ಬಂದು ಮಾದರಿ ತೆಗೆಯಬೇಕು ಎಂದು ತೋರಿಸುವುದು ನಮ್ಮ ಅಂಕಿಯ ಕೆಲಸ. ಅಮೆರಿಕದ ಫ್ಲಿಂಟ್ ಎಂಬ ಊರಿನಲ್ಲಿ 2015ರಲ್ಲಿ ನಿವಾಸಿಗಳು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಕಳಿಸಿದ 300 ಕಿಟ್‌ಗಳನ್ನು ಮನೆಮನೆಗೆ ಹಂಚಿ ತಮ್ಮ ನಲ್ಲಿ ನೀರಿನ ಮಾದರಿ ತುಂಬಿ ಕೊಟ್ಟರು. ನೀರು ಸರಿಯಾಗಿದೆ ಎಂದು ಆಡಳಿತ ಹೇಳುತ್ತಿದ್ದ ಕಾಲ ಅದು. ಸೀಸದ ಅಂಶ ಬಯಲಾದದ್ದು ಆ ಮಾದರಿಗಳಿಂದ. ಜಪಾನಿನಲ್ಲಿ 2011ರ ಫುಕುಶಿಮಾ ದುರಂತದ ಬೆನ್ನಿಗೇ ಸೇಫ್‌ಕಾಸ್ಟ್ ಎಂಬ ಗುಂಪು ವಿಕಿರಣ ಮಾಪಕಗಳನ್ನು ತಾನೇ ಜೋಡಿಸಿ, ಕಾರುಗಳಿಗೆ ಕಟ್ಟಿಕೊಂಡು ಬೀದಿಬೀದಿ ತಿರುಗಿತು. ಅಳತೆಗಳನ್ನೆಲ್ಲ ಯಾವ ಷರತ್ತೂ ಇಲ್ಲದೆ ಸಾರ್ವಜನಿಕ ಸ್ವತ್ತಾಗಿ ಬಿಟ್ಟಿತು. ಭಯ ಪಡಬೇಕಾದ ಬೀದಿಯ ಜತೆಗೆ ಭಯ ಪಡಬೇಕಿಲ್ಲದ ಬೀದಿಯನ್ನೂ ಅವರ ನಕ್ಷೆ ತೋರಿಸಿತು, ಅದಕ್ಕೇ ಜನ ಅದನ್ನು ನಂಬಿದರು.

ದೂರದ ಉದಾಹರಣೆಯೇ ಬೇಕೆಂದಿಲ್ಲ. ರಾಜಸ್ಥಾನದಲ್ಲಿ 1994ರಿಂದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿ ಕೆಲಸದ ಹಾಜರಿ ಪುಸ್ತಕಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿದರು. ಕಚೇರಿಯ ಕಾಗದ ಒಂದು ಕಡೆ, ಕೆಲಸ ಮಾಡಿದವರ ಬಾಯಿಮಾತು ಇನ್ನೊಂದು ಕಡೆ, ಎರಡನ್ನೂ ಎಲ್ಲರ ಎದುರು ಹೋಲಿಸಿದರು. ಮಾಹಿತಿ ಹಕ್ಕು ಕಾಯ್ದೆಯ ಬೇರು ಆ ಸಭೆಗಳಲ್ಲಿದೆ.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: "ಮೇಡಂ, ನಮ್ಮ ಮನೆಯವರೆಲ್ಲ ಭಟ್ಟಿ ಕೆಲಸದೋರು. ನೀವು ಅಳೆದು ನೆಟ್‌ನಲ್ಲಿ ಹಾಕ್ತೀರಿ, ನಾಳೆ ಯಾರೋ ಬಂದು ಭಟ್ಟಿ ಮುಚ್ಚಿಸ್ತಾರೆ. ಆಮೇಲೆ ನಮ್ಮ ಹೊಟ್ಟೆಪಾಡು?"

ನೀನು ಕೇಳಿದ್ದು ಒಳ್ಳೆಯದಾಯಿತಪ್ಪ. ಈ ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ಮೊದಲನೆಯದಾಗಿ, ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ನಿಮ್ಮ ಅಪ್ಪ, ಅಮ್ಮ. ಹಾಗಾಗಿ ಭಟ್ಟಿಯ ಒಳಗೆ ಅಳೆಯದೆ ಹೊರಗಿನ ಬಡಾವಣೆಯಲ್ಲಿ ಮಾತ್ರ ಅಳೆಯುವುದು ಅನ್ಯಾಯ. ಒಳಗೆ ಅಳೆಯಬೇಕೋ ಬೇಡವೋ, ಆ ಅಂಕಿಯನ್ನು ಯಾವ ರೂಪದಲ್ಲಿ ಹೊರಗೆ ಬಿಡಬೇಕು ಎಂದು ತೀರ್ಮಾನಿಸುವಾಗ ಭಟ್ಟಿಯವರು ಅಲ್ಲಿ ಕೂತಿರಬೇಕು. ಒಂದೊಂದು ಭಟ್ಟಿಯ ಹೆಸರು, ವಿಳಾಸ ಹಾಕುವುದು ಬೇಡ, ಇಡೀ ಪ್ರದೇಶಕ್ಕೆ ಒಂದು ಅಂಕಿ ಸಾಕು. ಮುಕ್ತ ಎಂದ ಮಾತ್ರಕ್ಕೆ ಬಡವರ ಮನೆಬಾಗಿಲಿಗೆ ಗುರುತು ಹಾಕುವ ಹಕ್ಕು ಯಾರಿಗೂ ಬರುವುದಿಲ್ಲ. ಎರಡನೆಯದು, ಟೈರು ಯಾರೂ ಪ್ರೀತಿಯಿಂದ ಉರಿಸುವುದಿಲ್ಲ, ಅಗ್ಗ ಎಂದು ಉರಿಸುತ್ತಾರೆ. ನಾಲ್ಕು ಭಟ್ಟಿಗಳಿಗೆ ಒಳ್ಳೆಯ ಒಲೆ, ಒಳ್ಳೆಯ ಉರುವಲು ಸಿಕ್ಕಾಗ ಸುತ್ತಲ ಗಾಳಿ ಎಷ್ಟು ತಿಳಿಯಾಯಿತು ಎಂದು ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ತೋರಿಸಲು ಸಾಧ್ಯವಾದರೆ, ಶುದ್ಧ ಗಾಳಿ ಕಾರ್ಯಕ್ರಮದ ದುಡ್ಡಿನಲ್ಲಿ ಉಳಿದ ಭಟ್ಟಿಗಳಿಗೂ ಕೊಡಿ ಎಂದು ನೀವೇ ಹೋಗಿ ಕೇಳಬಹುದು. ಅಂಕಿ ಇಲ್ಲದಿದ್ದರೆ ಮುಚ್ಚಿಸಿ ಎನ್ನುವವರ ದನಿ ಮಾತ್ರ ಕೇಳುತ್ತದೆ.

ನಿವೃತ್ತ ಬ್ಯಾಂಕ್ ನೌಕರರೊಬ್ಬರು ಬರೆಯುವುದು ಹೇಗೆ, ಎಲ್ಲಿಡುವುದು ಎಂದು ಕೇಳಿದರು. ಸರ್, ಲೆಡ್ಜರ್ ಬರೆದ ಕೈ ನಿಮ್ಮದು, ನಿಮಗೆ ಸಲೀಸು. ಒಂದು ಗಮನಿಕೆಗೆ ಒಂದು ಸಾಲು. ತಾರೀಕು, ಹೊತ್ತು, ಜಾಗ, ಏನನ್ನು ಅಳೆದದ್ದು, ಎಷ್ಟು, ಯಾವ ಉಪಕರಣದಿಂದ, ಯಾರು. ಅಳೆದವರ ಹೆಸರಿನ ಬದಲು ಒಂದು ಸಂಕೇತ ಸಾಕು. ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಗೊಂದಲವಿಲ್ಲ. ಮಾನ ಯಾವುದು, ಮಿಲಿಗ್ರಾಮೋ ಮಿಲಿಮೀಟರೋ, ಕಾಲಂನ ತಲೆಯಲ್ಲೇ ಇರಲಿ. ಇರಲಿಲ್ಲ ಎಂದರೆ ಸೊನ್ನೆ, ನೋಡಲಿಲ್ಲ ಎಂದರೆ ಖಾಲಿ ಬಿಡಿ. ತಪ್ಪು ಕಂಡರೆ ಅಳಿಸಬೇಡಿ, ಪಕ್ಕದಲ್ಲಿ ಷರಾ ಬರೆಯಿರಿ. ಕಡತವನ್ನು ಸಿಎಸ್‌ವಿ ರೂಪದಲ್ಲಿ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯವಾಗಿ ಇಟ್ಟರೆ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ದಾಖಲೆ ದೀರ್ಘಕಾಲ ಉಳಿಯಬೇಕೆಂದರೆ ಝೆನೋಡೊದಂಥ ಉಚಿತ ಭಂಡಾರಗಳಿವೆ. ಯುರೋಪಿನ ಸರ್ನ್ ಸಂಸ್ಥೆ ಅದನ್ನು ನಡೆಸುತ್ತದೆ, ಪ್ರತಿ ಕಡತಕ್ಕೂ ಒಂದು ಶಾಶ್ವತ ಗುರುತು ಸಂಖ್ಯೆ ಕೊಡುತ್ತದೆ. ಕೈಪಂಪು, ಮ್ಯಾನ್‌ಹೋಲ್, ರಾಜಕಾಲುವೆ, ಬೀದಿದೀಪ ಇಂಥ ಕದಲದ ವಸ್ತುಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಒಳ್ಳೆಯ ಜಾಗ. 2004ರಿಂದ ಜಗತ್ತಿನ ಜನ ಸೇರಿ ಕಟ್ಟುತ್ತಿರುವ ನಕ್ಷೆ ಅದು. ಅಲ್ಲಿ ಪ್ರತಿ ಜಾಗಕ್ಕೂ ಕನ್ನಡದ ಹೆಸರು ತುಂಬಲು ಬರುತ್ತದೆ, ದಯವಿಟ್ಟು ತುಂಬಿ. ಹಾಕುವ ಫೋಟೊಗಳಲ್ಲಿ ಮುಖ, ವಾಹನದ ಸಂಖ್ಯೆ, ಮನೆ ಬಾಗಿಲು ಕಾಣದಂತೆ ನೋಡಿಕೊಳ್ಳಿ. ಮಕ್ಕಳ ಹಲ್ಲಿನ ಸಮೀಕ್ಷೆಯಂಥದ್ದು ಮಾಡಿದರೆ ಹೆಸರು, ಶಾಲೆ ಯಾವುದೂ ಹೊರಗೆ ಹೋಗಬಾರದು.

ಕೊನೆಗೆ ಒಬ್ಬ ಗೃಹಿಣಿ ಕೇಳಿದರು: "ಒಂದು ತಿಂಗಳು ಎಲ್ಲರೂ ಬರೀತಾರೆ ಮೇಡಂ, ಆಮೇಲೆ ಬಿಡ್ತಾರೆ. ಏನು ಮಾಡೋದು?"

ಕಡಿಮೆ ಬರೆಯಿರಿ, ತಾಯಿ. ಹತ್ತು ವಿಷಯ ಬೇಡ. ಬೀದಿಗೆ ಒಂದೇ ವಿಷಯ ಸಾಕು, ಈಗ ನೀರು ಬಂದ ದಿನವನ್ನೇ ಹಿಡಿಯೋಣ. ಒಂದು ಬೀದಿಗೆ ಇಬ್ಬರು, ಒಬ್ಬರು ತವರಿಗೋ ಜಾತ್ರೆಗೋ ಹೋದರೆ ಇನ್ನೊಬ್ಬರು. ಇಬ್ಬರೂ ಇಲ್ಲದ ದಿನ ಖಾಲಿ ಇರಲಿ, ಅಂದಾಜಿನಿಂದ ತುಂಬಬೇಡಿ. ತಿಂಗಳ ಮೊದಲ ಭಾನುವಾರ ಕಾಲೇಜಿನ ಮಕ್ಕಳು ಬಂದು ನಿಮ್ಮ ಕ್ಯಾಲೆಂಡರಿನ ಫೋಟೊ ತೆಗೆದುಕೊಂಡು ಹೋಗಿ ಕಡತಕ್ಕೆ ಏರಿಸುತ್ತಾರೆ. ಕಡತದ ಪಾಸ್‌ವರ್ಡ್ ಒಬ್ಬರ ಕೈಯಲ್ಲಿ ಮಾತ್ರ ಇರಬಾರದು, ಕಡತದ ಒಂದು ಮುದ್ರಿತ ಪ್ರತಿ ವರ್ಷಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗಬೇಕು. ಬರೆಯಲು ಒಪ್ಪುವವರು ಹೊರಡುವಾಗ ಬಾಗಿಲ ಬಳಿ ಇರುವ ಪುಸ್ತಕದಲ್ಲಿ ಬೀದಿಯ ಹೆಸರು ಬರೆದು ಹೋಗಿ. ಒಂದೇ ಬೀದಿಯಿಂದ ಇಬ್ಬರು ಸಿಕ್ಕ ಕಡೆ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಶುರು ಮಾಡೋಣ.